ಕೆಂಪು ಆಯಿಲ್ ಎಲ್ಲ ಒಂದೇ ಅಲ್ಲ: ಹಳೆಯ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್‌ಗೆ ಯಾವ ಎಣ್ಣೆ?

ಕಾರಿನ ಎಂಜಿನ್ ಆಯಿಲ್ ಬಗ್ಗೆ ನಮಗೆಲ್ಲ ಅಷ್ಟಿಷ್ಟು ಗೊತ್ತು. ಇಂತಿಷ್ಟು ಕಿಲೋಮೀಟರ್ ಓಡಿದ ಮೇಲೆ ಬದಲಾಯಿಸಬೇಕು, ತೀರಾ ಕಡಿಮೆಯಾದರೆ ಎಂಜಿನ್ ಸೀಜ್ ಆಗುತ್ತದೆ. ಆದರೆ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಒಳಗೆ ಇನ್ನೊಂದು ಎಣ್ಣೆ ಇದೆ. ಅದರ ಹೆಸರು ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್, ಚಿಕ್ಕದಾಗಿ ಎಟಿಎಫ್. ಸಾಮಾನ್ಯವಾಗಿ ಅದಕ್ಕೆ ಕೆಂಪು ಬಣ್ಣ ಹಾಕಿರುತ್ತಾರೆ. ಎಂಜಿನ್ ಆಯಿಲ್‌ನಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೆ ಎಂಜಿನ್ ಒಂದಷ್ಟು ದಿನ ಸಹಿಸಿಕೊಳ್ಳುತ್ತದೆ. ಗೇರ್‌ಬಾಕ್ಸ್ ಅಷ್ಟು ತಾಳ್ಮೆಯದ್ದಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ, ಮೆಕ್ಯಾನಿಕ್ ಅಲ್ಲ. ಡ್ರೈವಿಂಗ್ ಲೈಸೆನ್ಸ್ ಪಡೆಯುವ ವಯಸ್ಸೂ ನನಗೆ ಇನ್ನೂ ಆಗಿಲ್ಲ. ಆದರೂ ಈ ವಿಷಯವನ್ನು ಓದಿ ತಿಳಿದುಕೊಳ್ಳಲು ಕಾರಣ ನಮ್ಮ ಮಾಮು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವರ ಎಡಗಾಲಿಗೆ ಬಲವಿಲ್ಲ. ಕ್ಲಚ್ ತುಳಿಯಲು ಆಗುವುದಿಲ್ಲ. ಅದಕ್ಕಾಗಿಯೇ ಅವರು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಂಡೈ ಐ10 ಆಟೋಮ್ಯಾಟಿಕ್ ತೆಗೆದುಕೊಂಡರು. ಬಟ್ಟೆ ಅಂಗಡಿಗೆ ಹೋಗುವುದು, ಸರಕು ತರುವುದು, ನಾನಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಎಲ್ಲ ಆ ಕಾರಿನಲ್ಲೇ. ಬೇರೆಯವರಿಗೆ ಆಟೋಮ್ಯಾಟಿಕ್ ಕಾರು ಶೋಕಿ ಇರಬಹುದು, ಅವರಿಗೆ ಅದೇ ಎಡಗಾಲು.

ಕಳೆದ ವರ್ಷ ಒಂದು ಗ್ಯಾರೇಜಿನಲ್ಲಿ ಆ ಕಾರಿನ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದರು. ಪವರ್ ಸ್ಟೀರಿಂಗ್‌ಗೆಂದು ಇಟ್ಟಿದ್ದ ದೊಡ್ಡ ಡಬ್ಬಿಯಿಂದಲೇ ಸುರಿದರು. ಡಬ್ಬಿಯ ಮೇಲೆ ಡೆಕ್ಸ್‌ರಾನ್ 3 ಎಂದು ಇತ್ತು. ಮಾಮು ಕೇಳಿದಾಗ ಬಂದ ಉತ್ತರ ಇಷ್ಟೇ: "ಎಲ್ಲ ಒಂದೇ ಭಾಯ್, ಕೆಂಪು ಆಯಿಲ್ ಅಂದ್ರೆ ಕೆಂಪು ಆಯಿಲ್." ಕೆಲವು ವಾರಗಳಲ್ಲಿ ಕಾರು ಗೇರ್ ಬದಲಿಸುವಾಗ ನಡುಗತೊಡಗಿತು. ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡಲು ಇನ್ನೊಬ್ಬರು ಹೇಳಿದ ಖರ್ಚು, ಕಾರನ್ನು ಮಾರಿದರೆ ಬರುವ ಹಣದ ಹತ್ತಿರಕ್ಕೇ ಬಂತು. ಹಾಗಾದರೆ ಕೆಂಪು ಆಯಿಲ್ ಎಲ್ಲ ನಿಜವಾಗಿಯೂ ಒಂದೇನಾ? ಇದಕ್ಕೆ ಉತ್ತರ ಬೇಕಿದ್ದರೆ ಆ ಎಣ್ಣೆ ಒಳಗೆ ಮಾಡುವ ಕೆಲಸ ಏನು ಎಂದು ಮೊದಲು ತಿಳಿಯಬೇಕು.

ಈ ಎಣ್ಣೆ ಏನು ಮಾಡುತ್ತದೆ?

ಮ್ಯಾನುಯಲ್ ಗೇರ್‌ಬಾಕ್ಸ್‌ನಲ್ಲಿ ಎಣ್ಣೆಯ ಮುಖ್ಯ ಕೆಲಸ ಹಲ್ಲುಚಕ್ರಗಳು ಸವೆಯದಂತೆ ಕಾಯುವುದು. ಆಟೋಮ್ಯಾಟಿಕ್‌ನಲ್ಲಿ ಎಣ್ಣೆಯೂ ಯಂತ್ರದ ಒಂದು ಭಾಗ.

ಮೊದಲನೆಯದಾಗಿ, ಎಂಜಿನ್ನಿನ ಶಕ್ತಿಯನ್ನು ಚಕ್ರಗಳ ಕಡೆಗೆ ಸಾಗಿಸುವುದು ಈ ಎಣ್ಣೆಯೇ. ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ನಿಧಾನವಾಗಿ ತಿರುಗುತ್ತದೆ. ಟಾರ್ಕ್ ಕನ್ವರ್ಟರ್ ಎಂಬ ಭಾಗ ಕೆಲಸ ಮಾಡುವುದು ಹೆಚ್ಚು ಕಡಿಮೆ ಹೀಗೆಯೇ. ಗಾಳಿಯ ಬದಲು ಅಲ್ಲಿ ಎಣ್ಣೆ ಇರುತ್ತದೆ. ಕಾರು ಸಿಗ್ನಲ್‌ನಲ್ಲಿ ಗೇರ್‌ನಲ್ಲೇ ನಿಂತರೂ ಎಂಜಿನ್ ಆಫ್ ಆಗದಿರುವುದು ಇದರಿಂದ.

ಎರಡನೆಯದಾಗಿ, ಗೇರ್ ಬದಲಿಸುವ ಕೈ ಕೂಡ ಇದೇ ಎಣ್ಣೆ. ಒಂದು ಪಂಪು ಎಣ್ಣೆಯನ್ನು ಒತ್ತಡದಿಂದ ಸಣ್ಣ ಸಣ್ಣ ದಾರಿಗಳಲ್ಲಿ ಕಳಿಸುತ್ತದೆ. ಆ ಒತ್ತಡ ಒಳಗಿನ ಕ್ಲಚ್ ತಟ್ಟೆಗಳನ್ನು ಒತ್ತಿ ಹಿಡಿಯುತ್ತದೆ ಇಲ್ಲವೇ ಬಿಡುತ್ತದೆ. ಇದರ ಜೊತೆಗೆ ಭಾಗಗಳನ್ನು ತಂಪಾಗಿಡುವುದು, ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು, ರಬ್ಬರ್ ಸೀಲುಗಳನ್ನು ಒಣಗದಂತೆ ಇಡುವುದು ಕೂಡ ಅದರದ್ದೇ ಜವಾಬ್ದಾರಿ.

ಮೂರನೆಯದು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಈ ಕ್ಲಚ್ ತಟ್ಟೆಗಳಲ್ಲಿ ಒಂದು ಉಕ್ಕಿನದು, ಪಕ್ಕದ್ದರ ಮೇಲೆ ದಪ್ಪ ಕಾಗದದಂಥ ಪದರ, ಹೀಗೆ ಒಂದರ ಪಕ್ಕ ಒಂದು ಜೋಡಿಸಿರುತ್ತಾರೆ. ಇವು ಸದಾ ಎಣ್ಣೆಯಲ್ಲಿ ಮುಳುಗಿರುತ್ತವೆ. ಗೇರ್ ಬದಲಾಗುವಾಗ ತಟ್ಟೆಗಳು ಕ್ಷಣಕಾಲ ಜಾರಿ ನಂತರ ಗಟ್ಟಿಯಾಗಿ ಹಿಡಿಯಬೇಕು. ಅಂದರೆ ಒಂದೇ ಎಣ್ಣೆ ಒಂದು ಕಡೆ ಜಾರುವಂತೆಯೂ ಮತ್ತೊಂದು ಕಡೆ ಹಿಡಿಯುವಂತೆಯೂ ಇರಬೇಕು. ಎಷ್ಟು ಜಾರಬೇಕು, ಎಷ್ಟು ಬೇಗ ಹಿಡಿಯಬೇಕು ಎಂಬುದನ್ನು ನಿರ್ಧರಿಸಲು ಎಣ್ಣೆಗೆ ಫ್ರಿಕ್ಷನ್ ಮಾಡಿಫೈಯರ್ ಎಂಬ ರಾಸಾಯನಿಕಗಳನ್ನು ಸೇರಿಸುತ್ತಾರೆ. ಪ್ರತಿ ಕಂಪನಿಯ ಎಂಜಿನಿಯರುಗಳು ತಮ್ಮ ತಟ್ಟೆಗಳಿಗೆ, ತಮ್ಮ ಒತ್ತಡದ ಲೆಕ್ಕಕ್ಕೆ ಹೊಂದುವಂತೆ ಈ ಗುಣವನ್ನು ಗೊತ್ತುಮಾಡುತ್ತಾರೆ. ಎರಡು ಡಬ್ಬಿಗಳ ಎಣ್ಣೆ ಕಣ್ಣಿಗೆ ಒಂದೇ ಕೆಂಪಾಗಿ ಕಂಡರೂ ತಟ್ಟೆಗಳ ನಡುವೆ ಅವುಗಳ ನಡವಳಿಕೆ ಬೇರೆ ಬೇರೆಯಾಗಿರುವುದು ಇದರಿಂದಲೇ.

ಕೆಂಪು ಬಣ್ಣದ ವಿಷಯಕ್ಕೆ ಬಂದರೆ, ಅದು ಕೇವಲ ಬಣ್ಣ. ಕಾರಿನ ಕೆಳಗೆ ಎಣ್ಣೆ ಸೋರಿದ್ದರೆ ಅದು ಎಂಜಿನ್ನಿನದೋ ಗೇರ್‌ಬಾಕ್ಸಿನದೋ ಎಂದು ತಕ್ಷಣ ಗೊತ್ತಾಗಲಿ ಎಂಬುದು ಅದರ ಉಪಯೋಗ. ಎಣ್ಣೆಯ ಗುಣಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಹಸಿರು, ಹಳದಿ, ನೀಲಿ ಬಣ್ಣದ ಇಂಥ ಎಣ್ಣೆಗಳೂ ಮಾರುಕಟ್ಟೆಯಲ್ಲಿವೆ.

ಇಷ್ಟೊಂದು ಹೆಸರುಗಳು ಏಕೆ?

ಅಂಗಡಿಯಲ್ಲಿ ಡೆಕ್ಸ್‌ರಾನ್, ಮರ್ಕಾನ್, ಟಿ-4, ಡಬ್ಲ್ಯೂಎಸ್, ಎಸ್‌ಪಿ-3 ಎಂದೆಲ್ಲ ಕೇಳಿದರೆ ತಲೆ ತಿರುಗುತ್ತದೆ. ಸ್ವಲ್ಪ ಇತಿಹಾಸ ಗೊತ್ತಿದ್ದರೆ ಈ ಹೆಸರುಗಳು ಅಷ್ಟು ಹೆದರಿಸುವುದಿಲ್ಲ.

ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ಣ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಹೈಡ್ರಾಮ್ಯಾಟಿಕ್. 1940ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಅದು ಬಂತು. 1949ರಲ್ಲಿ ಅದೇ ಕಂಪನಿ ಈ ಎಣ್ಣೆಗೆ ಟೈಪ್ ಎ ಎಂಬ ಮಾನದಂಡ ಮಾಡಿತು. ಟೈಪ್ ಎ ಎಂಬ ಹೆಸರು ಇಂದಿಗೂ ನಮ್ಮ ಅಂಗಡಿಗಳ ಕೆಲವು ಡಬ್ಬಿಗಳ ಮೇಲೆ ಕಾಣುತ್ತದೆ. ಅದನ್ನು ಈಗ ಬಳಸುವುದು ಹೆಚ್ಚಾಗಿ ಲಾರಿ, ಟ್ರ್ಯಾಕ್ಟರುಗಳ ಪವರ್ ಸ್ಟೀರಿಂಗ್‌ನಂಥ ಕಡೆಗಳಲ್ಲಿ. 1960ರ ದಶಕದ ಕೊನೆಯಲ್ಲಿ ಡೆಕ್ಸ್‌ರಾನ್ ಬಂತು. ಆ ಕಾಲದಲ್ಲಿ ಘರ್ಷಣೆಯನ್ನು ಹದಗೊಳಿಸಲು ಸ್ಪರ್ಮ್ ತಿಮಿಂಗಿಲದ ಎಣ್ಣೆ ಸೇರಿಸುತ್ತಿದ್ದರು ಎಂದರೆ ನಂಬುತ್ತೀರಾ? 1970ರ ದಶಕದ ಆರಂಭದಲ್ಲಿ ಅಮೆರಿಕ ಅಳಿವಿನ ಅಂಚಿನಲ್ಲಿದ್ದ ಆ ತಿಮಿಂಗಿಲವನ್ನು ರಕ್ಷಿಸಲು ಅದರ ಎಣ್ಣೆಯನ್ನು ನಿಷೇಧಿಸಿತು. ಬದಲಿ ರಾಸಾಯನಿಕಗಳನ್ನು ಹುಡುಕಬೇಕಾಯಿತು. 1973ರಲ್ಲಿ ಡೆಕ್ಸ್‌ರಾನ್ 2, 1993ರಲ್ಲಿ ಡೆಕ್ಸ್‌ರಾನ್ 3, 2005ರಲ್ಲಿ ಡೆಕ್ಸ್‌ರಾನ್ 6 ಬಂದವು.

ಫೋರ್ಡ್ ಕಂಪನಿ ಬೇರೆ ದಾರಿ ಹಿಡಿದಿತ್ತು. ಅದರ ಟೈಪ್ ಎಫ್ ಎಣ್ಣೆಯಲ್ಲಿ ಫ್ರಿಕ್ಷನ್ ಮಾಡಿಫೈಯರ್ ಇರಲಿಲ್ಲ. ಆದ್ದರಿಂದ ತಟ್ಟೆಗಳು ತಟ್ಟನೆ ಹಿಡಿಯುತ್ತಿದ್ದವು. ಜನರಲ್ ಮೋಟಾರ್ಸ್ ಎಣ್ಣೆ ಮೃದುವಾಗಿ ಹಿಡಿಯುವಂಥದು. ಡೆಕ್ಸ್‌ರಾನ್ ಬೇಕಿದ್ದ ಕಾರಿಗೆ ಟೈಪ್ ಎಫ್ ಹಾಕಿದರೆ ಗೇರ್ ಬೀಳುವಾಗ ಹೊಡೆತ. ಟೈಪ್ ಎಫ್ ಬೇಕಿದ್ದ ಕಾರಿಗೆ ಡೆಕ್ಸ್‌ರಾನ್ ಹಾಕಿದರೆ ತಟ್ಟೆಗಳು ಹೆಚ್ಚು ಹೊತ್ತು ಜಾರಿ ಬೇಗ ಸವೆತ. ಎರಡೂ ಒಳ್ಳೆಯ ಎಣ್ಣೆಗಳೇ. ಆದರೆ ಒಂದರ ಜಾಗಕ್ಕೆ ಇನ್ನೊಂದು ಹೋದರೆ ಎರಡೂ ಕೆಟ್ಟವು.

ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಜಪಾನ್, ಕೊರಿಯಾ ಕಂಪನಿಗಳ ಕಾರುಗಳಿಗೂ ತಮ್ಮದೇ ಮಾನದಂಡಗಳಿವೆ. ಐ10 ಕಾರಿನ ನಾಲ್ಕು ಗೇರಿನ ಆಟೋಮ್ಯಾಟಿಕ್‌ಗೆ ಹುಂಡೈ ಹೇಳಿದ್ದು ಎಸ್‌ಪಿ-3. ಟೊಯೊಟಾ ತನ್ನ ಹಳೆಯ ಅನೇಕ ಗೇರ್‌ಬಾಕ್ಸ್‌ಗಳಿಗೆ ಟಿ-4, ನಂತರದವುಗಳಿಗೆ ಡಬ್ಲ್ಯೂಎಸ್ ಹೇಳಿತು. ಹೋಂಡಾದ ಹಳೆಯದು ಜೆಡ್-1, ಹೊಸದು ಡಿಡಬ್ಲ್ಯೂ-1.

ಹೊಸದು ಎಂದರೆ ಉತ್ತಮ ಎಂದೇನಿಲ್ಲ

ಹಳೆಯ ಕಾರಿನವರು ಎಡವುವುದು ಇಲ್ಲಿಯೇ. ಹೊಸ ಎಣ್ಣೆ, ಹೆಚ್ಚು ಬೆಲೆ, ಆದ್ದರಿಂದ ಉತ್ತಮ ಎಂದುಕೊಳ್ಳುತ್ತೇವೆ. ಹೊಸ ಎಣ್ಣೆಗಳು ಸಾಮಾನ್ಯವಾಗಿ ಹೆಚ್ಚು ತೆಳು. ಪೆಟ್ರೋಲ್ ಉಳಿಸಲು ಕಂಪನಿಗಳು ಹಾಗೆ ಮಾಡಿವೆ. ಎಣ್ಣೆಯ ದಪ್ಪವನ್ನು, ಅಂದರೆ ವಿಜ್ಞಾನ ವಿಭಾಗದ ಗೆಳೆಯರು ಹೇಳುವ ಸ್ನಿಗ್ಧತೆಯನ್ನು, ಸೆಂಟಿಸ್ಟೋಕ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡೆಕ್ಸ್‌ರಾನ್ 3 ಎಣ್ಣೆ ಸುಮಾರು 7.5 ಸೆಂಟಿಸ್ಟೋಕ್ ಇರುತ್ತದೆ. ಡೆಕ್ಸ್‌ರಾನ್ 6 ಹೊಸದಿದ್ದಾಗಲೇ 6.4 ದಾಟುವಂತಿಲ್ಲ. ಟೊಯೊಟಾದ ಡಬ್ಲ್ಯೂಎಸ್ ಇನ್ನೂ ತೆಳು. ದಪ್ಪ ಎಣ್ಣೆಯ ಲೆಕ್ಕದಲ್ಲಿ ಮಾಡಿದ, ಈಗಾಗಲೇ ಸವೆದು ಸಂದುಗಳು ಸ್ವಲ್ಪ ಅಗಲವಾಗಿರುವ ಗೇರ್‌ಬಾಕ್ಸ್‌ಗೆ ಅದಕ್ಕೆ ಹೇಳದ ತೆಳು ಎಣ್ಣೆ ಹಾಕಿದರೆ ಒತ್ತಡ ಕಡಿಮೆಯಾಗಬಹುದು.

ಹಾಗೆಂದು ಹೊಸದನ್ನು ಎಂದೂ ಹಾಕಬಾರದು ಎಂದೂ ಅಲ್ಲ. ಡೆಕ್ಸ್‌ರಾನ್ 6 ಎಣ್ಣೆಯನ್ನು ತನ್ನ ಹಳೆಯ ಡೆಕ್ಸ್‌ರಾನ್ 3 ಗೇರ್‌ಬಾಕ್ಸ್‌ಗಳಿಗೂ ಹಾಕಬಹುದು ಎಂದು ಜನರಲ್ ಮೋಟಾರ್ಸ್ ಹೇಳಿದೆ. ಜೆಡ್-1 ಬದಲಿಗೆ ಡಿಡಬ್ಲ್ಯೂ-1 ಆಗುತ್ತದೆ ಎಂದು ಹೋಂಡಾ ಹೇಳಿದೆ. ಆದರೆ ಟಿ-4 ಜಾಗಕ್ಕೆ ಡಬ್ಲ್ಯೂಎಸ್ ಆಗುವುದಿಲ್ಲ, ಅದರ ಜಾಗಕ್ಕೆ ಇದೂ ಆಗುವುದಿಲ್ಲ ಎಂದು ಟೊಯೊಟಾ ಹೇಳುತ್ತದೆ. ಆದ್ದರಿಂದ ನಿಯಮ ಒಂದೇ: ಹಳೆಯದರ ಬದಲು ಹೊಸದು ಆಗುತ್ತದೆ ಎಂದು ಹೇಳುವ ಅಧಿಕಾರ ಆ ಗೇರ್‌ಬಾಕ್ಸ್ ಮಾಡಿದವರಿಗೆ ಸೇರಿದ್ದು. ಒಂದು ಕಂಪನಿಯ ಮಾತನ್ನು ಇನ್ನೊಂದು ಕಂಪನಿಯ ಕಾರಿಗೆ ಅನ್ವಯಿಸಬಾರದು.

ಮೊದಲು ಯಾವ ಆಟೋಮ್ಯಾಟಿಕ್ ಎಂದು ನೋಡಿ

ಎರಡೇ ಪೆಡಲ್ ಇದ್ದರೆ ಎಲ್ಲವನ್ನೂ ನಾವು ಆಟೋಮ್ಯಾಟಿಕ್ ಎನ್ನುತ್ತೇವೆ. ಒಳಗೆ ಅವು ಬೇರೆ ಬೇರೆ. ಮೇಲೆ ಹೇಳಿದ್ದು ಟಾರ್ಕ್ ಕನ್ವರ್ಟರ್ ಇರುವ ಸಾಂಪ್ರದಾಯಿಕ ಆಟೋಮ್ಯಾಟಿಕ್. ಸಿವಿಟಿ ಎಂಬುದರಲ್ಲಿ ಮೆಟ್ಟಿಲು ಮೆಟ್ಟಿಲಾದ ಗೇರುಗಳೇ ಇಲ್ಲ. ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಬೆಲ್ಟ್ ಜಾರಲೇಬಾರದು, ಆದ್ದರಿಂದ ಅದಕ್ಕೆ ಪ್ರತ್ಯೇಕ ಸಿವಿಟಿ ಫ್ಲೂಯಿಡ್ ಬೇಕು. ಅದರಲ್ಲಿ ಸಾಮಾನ್ಯ ಎಟಿಎಫ್ ಹಾಕಿದರೆ ಬೆಲ್ಟ್ ಮತ್ತು ಪುಲ್ಲಿ ಎರಡೂ ಹಾಳಾಗಬಹುದು. ಇನ್ನು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೋ ಮೂಲಕ ನಮ್ಮ ದೇಶದಲ್ಲಿ ಇದು ಜನಪ್ರಿಯವಾಯಿತು. ಇದು ಮೂಲತಃ ಮ್ಯಾನುಯಲ್ ಗೇರ್‌ಬಾಕ್ಸ್. ಕ್ಲಚ್ ತುಳಿದು ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಗೇರುಗಳಿಗೆ ಮ್ಯಾನುಯಲ್ ಗೇರ್ ಆಯಿಲ್ಲೇ ಬೇಕು.

ಸರಿಯಾದ ಹೆಸರು ಎಲ್ಲಿ ಸಿಗುತ್ತದೆ?

ಕಾರಿನ ಜೊತೆ ಬರುವ ಓನರ್ಸ್ ಮ್ಯಾನುಯಲ್‌ನಲ್ಲಿ, ಎಣ್ಣೆಗಳ ಪಟ್ಟಿ ಇರುವ ಪುಟದಲ್ಲಿ. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಈ ಪುಸ್ತಕ ಹೆಚ್ಚಾಗಿ ಕಳೆದುಹೋಗಿರುತ್ತದೆ. ಆಗ ಮೂರು ದಾರಿಗಳಿವೆ. ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಇದ್ದರೆ ಅದರ ಹಿಡಿಯ ಮೇಲೆ ಕೆಲವು ಕಾರುಗಳಲ್ಲಿ ಹೆಸರು ಅಚ್ಚಾಗಿರುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ಹಳೆಯ ಮಾಡೆಲ್‌ಗಳ ಮ್ಯಾನುಯಲ್ ಸಿಗಬಹುದು. ಇಲ್ಲವಾದರೆ ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ತೆಗೆದುಕೊಂಡು ಅಧಿಕೃತ ಡೀಲರ್‌ನ ಬಿಡಿಭಾಗಗಳ ಕೌಂಟರಿನಲ್ಲಿ ಕೇಳಬಹುದು. ಕೇಳುವುದಕ್ಕೆ ದುಡ್ಡಿಲ್ಲ.

ಲೇಬಲ್ ಓದುವುದೂ ಒಂದು ವಿದ್ಯೆ

ಇದು ನಮ್ಮ ಕಾಮರ್ಸ್‌ನವರ ಕ್ಷೇತ್ರ. ಡೆಕ್ಸ್‌ರಾನ್ ಎಂಬುದು ಜನರಲ್ ಮೋಟಾರ್ಸ್‌ನ ಟ್ರೇಡ್‌ಮಾರ್ಕ್. ಎಣ್ಣೆ ತಯಾರಕರು ಪರೀಕ್ಷೆ ಪಾಸು ಮಾಡಿಸಿ ಲೈಸೆನ್ಸ್ ಪಡೆದು ಆ ಹೆಸರನ್ನು ಹಾಕಿಕೊಳ್ಳಬೇಕು. ಡೆಕ್ಸ್‌ರಾನ್ 3ಕ್ಕೆ ಲೈಸೆನ್ಸ್ ಕೊಡುವುದನ್ನು ಕಂಪನಿ 2006ರ ಕೊನೆಗೆ ನಿಲ್ಲಿಸಿತು. ಆದರೂ ಇಂದು ಅಂಗಡಿಗೆ ಹೋದರೆ ಆ ಹೆಸರಿನ ಡಬ್ಬಿಗಳು ಸಾಲಾಗಿವೆ. ಅವೆಲ್ಲ ಕೆಟ್ಟವೆಂದಲ್ಲ. ಆದರೆ ಅವುಗಳ ಗುಣಕ್ಕೆ ಈಗ ಎಣ್ಣೆ ಕಂಪನಿಯೇ ಹೊಣೆ, ಕಾರು ಕಂಪನಿಯ ಮುದ್ರೆ ಅದರ ಹಿಂದೆ ಇಲ್ಲ.

ಆದ್ದರಿಂದ ಡಬ್ಬಿಯ ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ಕ್ರಿಯಾಪದವನ್ನು ನೋಡಬೇಕು. "ಅನುಮೋದಿತ" ಅಥವಾ "ಲೈಸೆನ್ಸ್ ಪಡೆದ" ಎಂದರೆ ಕಾರು ಕಂಪನಿ ಪರೀಕ್ಷಿಸಿ ಒಪ್ಪಿದೆ. "ಮಾನದಂಡ ಪೂರೈಸುತ್ತದೆ" ಎಂದರೆ ಎಣ್ಣೆ ಕಂಪನಿ ತಾನೇ ಹೇಳಿಕೊಳ್ಳುತ್ತಿದೆ. "ಇಂಥ ಕಡೆ ಬಳಸಲು ಯೋಗ್ಯ" ಎಂಬುದು ಇನ್ನೂ ಸಡಿಲ ಮಾತು. ಎಲ್ಲ ಕಾರಿಗೂ ಆಗುತ್ತದೆ ಎನ್ನುವ ಮಲ್ಟಿ ವೆಹಿಕಲ್ ಎಣ್ಣೆಗಳು ಹೆಚ್ಚಾಗಿ ಎರಡನೆಯ, ಮೂರನೆಯ ಗುಂಪಿನವು. ಹೆಸರಾಂತ ತಯಾರಕರ ಡಬ್ಬಿಯಲ್ಲಿ ನಿಮ್ಮ ಕಾರಿನ ಮಾನದಂಡದ ಹೆಸರು ಸ್ಪಷ್ಟವಾಗಿ ಇದ್ದರೆ, ಮೂಲ ಎಣ್ಣೆ ಸಿಗದ ಊರಿನಲ್ಲಿ ಅದನ್ನು ಪರಿಗಣಿಸಬಹುದು. ಹೆಸರೇ ಇಲ್ಲದಿದ್ದರೆ ಅಂಗಡಿಯವರ ಬಾಯಿಮಾತು ಸಾಲದು.

ಬದಲಾಯಿಸುವ ಮೊದಲು ಪರೀಕ್ಷೆ

ಡಿಪ್‌ಸ್ಟಿಕ್ ಹೊರತೆಗೆದು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ ನೋಡಿ. ತಿಳಿ ಕೆಂಪು ಇದ್ದರೆ ಚೆನ್ನಾಗಿದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಹಳತಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗೆ ತಟ್ಟೆಗಳು ಸವೆಯುತ್ತಿವೆ. ಸ್ಟ್ರಾಬೆರಿ ಹಾಲಿನಂತೆ ಕಂಡರೆ ನೀರು ಸೇರಿದೆ, ಹೆಚ್ಚಾಗಿ ರೇಡಿಯೇಟರ್ ಒಳಗಿನ ಕೂಲರ್ ಒಡೆದಿರುತ್ತದೆ. ಆಗ ಕಾರನ್ನು ಓಡಿಸದೆ ರಿಪೇರಿಗೆ ಕಳಿಸಬೇಕು. ಮಟ್ಟ ನೋಡುವ ವಿಧಾನವೂ ಕಾರಿನಿಂದ ಕಾರಿಗೆ ಬೇರೆ. ಅನೇಕ ಕಾರುಗಳಲ್ಲಿ ಎಣ್ಣೆ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಹೋಂಡಾದ ಅನೇಕ ಕಾರುಗಳಲ್ಲಿ ಎಂಜಿನ್ ಆಫ್ ಮಾಡಿದ ಕೂಡಲೇ ನೋಡಬೇಕು. ಕಡಿಮೆ ಇದ್ದರೂ ತೊಂದರೆ, ಹೆಚ್ಚಾದರೂ ತೊಂದರೆ. ಹೆಚ್ಚಾದರೆ ಎಣ್ಣೆ ನೊರೆಯಾಗಿ ಒತ್ತಡ ಬೀಳುತ್ತದೆ.

ಹಳೆಯ ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದರೆ ಗೇರ್‌ಬಾಕ್ಸೇ ಹೋಗುತ್ತದೆ ಎಂಬ ಭಯವೂ ಇದೆ. ಈಗಾಗಲೇ ತಟ್ಟೆಗಳು ಸವೆದು ಜಾರುತ್ತಿರುವ ಗೇರ್‌ಬಾಕ್ಸ್ ಅನ್ನು ಯಾವ ಎಣ್ಣೆಯೂ ಉಳಿಸಲಾರದು, ಅದು ನಿಜ. ಅಂಥ ಕಾರು ಎಣ್ಣೆ ಬದಲಿಸಿದ ಮೇಲೆ ಕೆಟ್ಟರೆ ಅಪವಾದ ಎಣ್ಣೆಯ ಮೇಲೆ ಬರುತ್ತದೆ. ಸರಿಯಾಗಿ ನಡೆಯುತ್ತಿರುವ ಹಳೆಯ ಗೇರ್‌ಬಾಕ್ಸ್‌ಗೆ ಯಂತ್ರದ ಒತ್ತಡದಿಂದ ಫ್ಲಶ್ ಮಾಡಿಸುವ ಬದಲು ಕೆಳಗಿನ ಬೋಲ್ಟ್ ಬಿಚ್ಚಿ ಇಳಿಸುವುದು, ತಟ್ಟೆ ಮತ್ತು ಫಿಲ್ಟರ್ ಬಿಚ್ಚಲು ಬರುವಂತಿದ್ದರೆ ಸ್ವಚ್ಛ ಮಾಡುವುದು, ಇಳಿದಷ್ಟೇ ಹೊಸದು ತುಂಬುವುದು ನಿರಪಾಯದ ದಾರಿ.

ಅಕೌಂಟೆನ್ಸಿಯ ಒಂದು ಲೆಕ್ಕ

ಹೀಗೆ ಇಳಿಸಿದಾಗ ಎಲ್ಲ ಎಣ್ಣೆಯೂ ಹೊರಬರುವುದಿಲ್ಲ. ದೊಡ್ಡ ಪಾಲು ಟಾರ್ಕ್ ಕನ್ವರ್ಟರ್ ಒಳಗೇ ಉಳಿಯುತ್ತದೆ. ಉದಾಹರಣೆಗೆ ಒಟ್ಟು 6 ಲೀಟರ್ ಇರುವ ಗೇರ್‌ಬಾಕ್ಸಿನಿಂದ ಒಮ್ಮೆಗೆ 2.4 ಲೀಟರ್, ಅಂದರೆ ಶೇ. 40 ಹೊರಬರುತ್ತದೆ ಎಂದುಕೊಳ್ಳಿ. ಮೂರು ಸಲ ಮಾಡಿದರೆ ಶೇ. 120, ಎಲ್ಲ ಹೊಸದಾಯಿತು ಎಂದು ಅನಿಸುತ್ತದೆ. ಸವಕಳಿಯ ಪಾಠ ನೆನಪಿದ್ದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ. ಇದು ಸ್ಟ್ರೇಟ್ ಲೈನ್ ವಿಧಾನ ಅಲ್ಲ, ಡಿಮಿನಿಶಿಂಗ್ ಬ್ಯಾಲೆನ್ಸ್ ವಿಧಾನ. ಪ್ರತಿ ಸಲವೂ ಹೊರಹೋಗುವುದು ಉಳಿದ ಮಿಶ್ರಣದ ಶೇ. 40. ಮೊದಲ ಸಲದ ನಂತರ ಹಳೆಯ ಎಣ್ಣೆ ಶೇ. 60 ಉಳಿಯುತ್ತದೆ, ಎರಡನೆಯ ಸಲದ ನಂತರ 36, ಮೂರನೆಯ ಸಲದ ನಂತರ 21.6. ಖರ್ಚಾದದ್ದು 7.2 ಲೀಟರ್ ಹೊಸ ಎಣ್ಣೆ, ಆದರೂ ಒಳಗೆ 1.3 ಲೀಟರ್‌ನಷ್ಟು ಹಳೆಯದು ಇದ್ದೇ ಇದೆ.

ತಪ್ಪು ಎಣ್ಣೆ ಒಮ್ಮೆ ಒಳಗೆ ಹೋದರೆ ಅದನ್ನು ಹೊರಹಾಕುವುದು ಎಷ್ಟು ದುಬಾರಿ ಎಂದು ಇದರಿಂದ ತಿಳಿಯುತ್ತದೆ. ಮಾಮು ಮಾಡಿದ್ದು ಇದನ್ನೇ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎಸ್‌ಪಿ-3 ಎಣ್ಣೆಯನ್ನು ಸೀಲ್ ಇರುವ ಡಬ್ಬಿಯಲ್ಲಿ ಬಿಲ್ ಸಹಿತ ತಂದು, ನಡುನಡುವೆ ಒಂದಷ್ಟು ಓಡಿಸಿ, ಮೂರು ಸಲ ಬದಲಾಯಿಸಿದರು. ನಡುಕ ಬಹುಮಟ್ಟಿಗೆ ನಿಂತಿದೆ. ತಟ್ಟೆಗಳು ಆಗಲೇ ಎಷ್ಟು ಸವೆದಿದ್ದವೋ ಅಷ್ಟು ಸವೆದೇ ಇವೆ, ಅದು ಹಿಂದಕ್ಕೆ ಬರುವುದಿಲ್ಲ. ಆದರೂ ಅಂಗಡಿಯ ಬಾಗಿಲು ತೆರೆಯಲು ಅವರು ಇನ್ನೊಬ್ಬರ ಗಾಡಿಗೆ ಕಾಯಬೇಕಾಗಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಆಟೋಮ್ಯಾಟಿಕ್ ಕಾರು ಇದ್ದರೆ ಈ ನಾಲ್ಕು ಕೆಲಸ ಮಾಡಿಡಿ:

1. ಮ್ಯಾನುಯಲ್ ನೋಡಿ ಎಣ್ಣೆಯ ಮಾನದಂಡದ ಹೆಸರನ್ನು ಬರೆದು ಆರ್‌ಸಿ ಜೊತೆ ಇಡಿ. ಗ್ಯಾರೇಜಿಗೆ ಹೋದಾಗ ಆ ಚೀಟಿಯನ್ನೇ ತೋರಿಸಿ.

2. ಎಣ್ಣೆಯನ್ನು ಸೀಲ್ ಇರುವ ಡಬ್ಬಿಯಲ್ಲಿ ನಿಮ್ಮ ಎದುರಿಗೇ ತೆರೆಸಿ. ತೆರೆದಿಟ್ಟ ದೊಡ್ಡ ಡಬ್ಬಿಯಿಂದ ಬೇಡ.

3. ಬಿಲ್‌ನಲ್ಲಿ ಬರೀ "ಗೇರ್ ಆಯಿಲ್" ಎಂದು ಬರೆಸಬೇಡಿ. ಹೆಸರು, ಮಾನದಂಡ, ಎಷ್ಟು ಲೀಟರ್ ಎಂದು ಬರೆಸಿ. ಮುಂದೆ ತಕರಾರು ಬಂದರೆ ಗ್ರಾಹಕರ ಕೈಯಲ್ಲಿರುವ ಸಾಕ್ಷಿ ಅದೇ.

4. ಬದಲಾಯಿಸಿದ ದಿನಾಂಕ ಮತ್ತು ಕಿಲೋಮೀಟರ್ ಬರೆದಿಡಿ. ಕಾರು ಮಾರುವಾಗ ಈ ಪುಟ ಕಾರಿನ ಬೆಲೆಯನ್ನೂ ಹಿಡಿದು ನಿಲ್ಲಿಸುತ್ತದೆ.

ಇದಕ್ಕೆಲ್ಲ ಬೇಕಾಗುವುದು ಹತ್ತು ನಿಮಿಷ ಮತ್ತು ಒಂದು ಪೆನ್ನು. ಕೆಂಪು ಆಯಿಲ್ ಅಂದರೆ ಕೆಂಪು ಆಯಿಲ್ ಎಂದು ಯಾರಾದರೂ ಹೇಳಿದರೆ ಜಗಳವಾಡಬೇಡಿ. "ಡಬ್ಬಿಯ ಹಿಂದೆ ನನ್ನ ಕಾರಿನ ಎಣ್ಣೆಯ ಹೆಸರು ಎಲ್ಲಿದೆ, ತೋರಿಸಿ ಭಾಯ್" ಎಂದು ನಯವಾಗಿ ಕೇಳಿ.